ಕಾರಿನ ಹೊಸ್ತಿಲು

ಹತ್ತಿ ಒಳಗೊಳಗೇ ಸುಡುವಾಗ ಬರುವ ವಾಸನೆಗೆ ಹೊಗೆಯ ಖಾರ ಇರುವುದಿಲ್ಲ. ಹಳೆಯ ಕೌದಿಯ ಮೇಲೆ ಯಾರೋ ಕಾದ ಇಸ್ತ್ರಿ ಇಟ್ಟು ಮರೆತು ಹೋದಂತೆ, ಸ್ವಲ್ಪ ಸಿಹಿ, ಸ್ವಲ್ಪ ಕಮಟು. ಸುಮಂಗಲಾಳ ಮೂಗಿಗೆ ಅದು ಮೊದಲು ಬಿದ್ದದ್ದು ಅವಳು ಚಿಕ್ಕವಳಿದ್ದಾಗ, ಅಣ್ಣಿಗೇರಿಯ ಹತ್ತಿ ಗಿರಣಿಯ ಅಂಗಳದಲ್ಲಿ. ಅವಳ ಅವ್ವ ಸಣ್ಣವ್ವ ಅಲ್ಲಿ ಹತ್ತಿ ಆರಿಸಲು ಹೋಗುತ್ತಿದ್ದಳು. ಪೋಲಿಯೋದಿಂದ ಎಡಗಾಲು ಸೋತ ಮಗಳನ್ನು ಬೆನ್ನ ಮೇಲೆ ಹೊತ್ತು ತಂದು, ಕೆಲಸ ಮುಗಿಯುವವರೆಗೆ ನೆರಳಿನಲ್ಲಿ ಕೂರಿಸುತ್ತಿದ್ದಳು. ಒಂದು ದಿನ ಆ ವಾಸನೆ ಬಂತು. ಹೆಂಗಸರೆಲ್ಲ ಮೂಗೆತ್ತಿ ಹುಡುಕಿದರೂ ಬೆಂಕಿ ಎಲ್ಲೂ ಕಾಣಲಿಲ್ಲ. ಕಡೆಗೆ ಯಾರೋ ಹತ್ತಿ ತುಂಬಿದ ಒಂದು ದೊಡ್ಡ ಅಂಡಿಗೆಯ ಕಟ್ಟು ಬಿಚ್ಚಿದರು. ಗಾಳಿ ತಾಗಿದ್ದೇ ತಡ, ಒಳಗೆ ಕೆಂಪಗೆ ಕೂತಿದ್ದದ್ದು ಭಗ್ಗೆಂದು ಎದ್ದಿತು.

ಅದೇ ವಾಸನೆ ಈಗ ಗುಡಗೇರಿಯ ಸ್ಟೇಷನ್ ರಸ್ತೆಯಲ್ಲಿ, ಮುಸ್ತಫಾನ ತಗಡಿನ ಶೆಡ್ಡಿನೊಳಗೆ, ಅವಳ ಸ್ವಂತ ಕಾರಿನಿಂದ ಬರುತ್ತಿತ್ತು.

"ಮುಸ್ತಫಾ, ಸ್ವಲ್ಪ ನಿಲ್ಲಿಸು. ಏನೋ ಸುಡಾಕತ್ತೈತಿ."

ಮುಸ್ತಫಾ ಬಾಗಿಲ ಕೆಳಗೆ ಮಗ್ಗುಲಾಗಿ ಮಲಗಿ ಗ್ಯಾಸಿನ ಉರಿಯಿಂದ ತಗಡು ಬೆಸೆಯುತ್ತಿದ್ದ. ಕಪ್ಪು ಕನ್ನಡಕ ಹಣೆಗೇರಿಸಿ ನಕ್ಕ. "ಅಕ್ಕಾರ, ವೆಲ್ಡಿಂಗ್ ಅಂದ್ರ ಸುಡೂದರೀ. ಮಲ್ಲಿಗಿ ಮುಡಿಸಿದ್ರ ತಗಡು ಕೂಡಂಗಿಲ್ಲ."

"ಇದು ತಗಡಿನ ವಾಸನಿ ಅಲ್ಲ."

"ಹಳೇ ಬಣ್ಣ ಇರಬೇಕ್ರಿ. ನಿಮ್ಮ ಲ್ಯಾಬಿನ ಮೂಗು ಭಾಳ ಚುರುಕು ಬಿಡ್ರಿ." ಅವನು ಮತ್ತೆ ಮಲಗಿದ.

ಮೂಲೆಯಲ್ಲಿ ಸಾಬೂನಿನ ನೀರಿನ ಬಕೆಟ್ ಇಟ್ಟುಕೊಂಡು, ಬಾನೆಟ್ಟಿನ ಬಣ್ಣವನ್ನು ಒದ್ದೆ ಮರಳುಕಾಗದದಿಂದ ತಿಕ್ಕುತ್ತಿದ್ದ ಅವನ ಚಿಕ್ಕಪ್ಪ ಹಜರತಅಲಿ ಕೈ ನಿಲ್ಲಿಸಲಿಲ್ಲ. "ಕೇಳು ಲೇ. ಹೆಣ್ಣಮಕ್ಕಳ ಮೂಗು ಸುಳ್ಳು ಹೇಳಂಗಿಲ್ಲ. ನಿಮ್ಮ ಚಾಚಿ ನನ್ನ ಬೀಡಿ ವಾಸನಿ ಓಣಿ ಆಚಿಯಿಂದ ಹಿಡೀತಾಳ."

ಸುಮಂಗಲಾಳಿಗೆ ನಗು ಬರಲಿಲ್ಲ. ಅವಳ ಜೀವವೆಲ್ಲ ಆ ಕಾರಿನ ಮೇಲಿತ್ತು. ಅದು ಹದಿನೈದು ವರ್ಷ ದಾಟಿದ ಸಣ್ಣ ಬಿಳಿ ಕಾರು. ಕಾಲಿನಿಂದ ಒತ್ತಬೇಕಾದ ಕ್ಲಚ್ಚಿಗೆ ಹುಬ್ಬಳ್ಳಿಯ ಮೇಸ್ತ್ರಿಯೊಬ್ಬ ಕೈಹಿಡಿಕೆ ಕೂರಿಸಿಕೊಟ್ಟಿದ್ದ. ಎಡಗೈಯಲ್ಲಿ ಅದನ್ನು ಎಳೆದು, ಬಲಗಾಲಿನಲ್ಲಿ ಉಳಿದದ್ದನ್ನೆಲ್ಲ ನಿಭಾಯಿಸಿ ಅವಳು ದಿನಾ ಹಳ್ಳದಾಚೆಯ ಆರೋಗ್ಯ ಕೇಂದ್ರಕ್ಕೆ ಹೋಗುತ್ತಿದ್ದಳು. ಅಲ್ಲಿ ರಕ್ತ, ಕಫ ಪರೀಕ್ಷೆ ಮಾಡುವವಳು ಅವಳೊಬ್ಬಳೇ. ಬಸ್ಸು ಹೆದ್ದಾರಿಯ ತಿರುವಿನಲ್ಲೇ ಇಳಿಸಿಬಿಡುತ್ತದೆ. ಅಲ್ಲಿಂದ ಮುಂದೆ ಅಂಟುವ ಕಪ್ಪು ಎರಿ ಮಣ್ಣಿನ ದಾರಿ. ಮಳೆ ಬಿದ್ದರೆ ಗಟ್ಟಿ ಕಾಲಿನವರ ಚಪ್ಪಲಿಯನ್ನೇ ಕಿತ್ತುಕೊಳ್ಳುವಂಥದ್ದು, ಊರುಗೋಲಿನವಳನ್ನು ಬಿಟ್ಟೀತೇ? ಕಾರು ಬರುವ ಮುಂಚೆ ಅವಳು ಯಾರದಾದರೂ ಬೈಕಿನ ಹಿಂದೆ, ಯಾರದಾದರೂ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಹೋದವಳು. ಹತ್ತಿಸಿಕೊಂಡವರು ಒಳ್ಳೆಯವರೇ. ಆದರೆ ದಿನಾ ಬೆಳಗಾದರೆ ಯಾರಾದರೂ ಒಳ್ಳೆಯವರನ್ನು ಹುಡುಕಬೇಕಾದ ಬದುಕು ಎಷ್ಟು ಭಾರ ಎಂಬುದು ಅವಳಿಗೆ ಗೊತ್ತಿತ್ತು.

ಕಾರಿನ ನೋಂದಣಿಯ ಅವಧಿ ಮುಗಿದು, ಮುಂದುವರಿಸಬೇಕಾದರೆ ತಪಾಸಣೆಯಲ್ಲಿ ಪಾಸಾಗಬೇಕಿತ್ತು. ಕಳೆದ ಸಲ ತಪಾಸಣೆಗೆ ಒಯ್ದಾಗ ಇನ್‌ಸ್ಪೆಕ್ಟರ್ ಮೊಣಕಾಲೂರಿ ಕೂತು, ಚಾಲಕರ ಬಾಗಿಲಿನ ಅಡಿಗೆ ಉದ್ದಕ್ಕೂ ಹೋಗುವ ಪೊಳ್ಳು ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದ್ದರು. ಮುಸ್ತಫಾ ಅದನ್ನು ಕಾರಿನ ಹೊಸ್ತಿಲು ಎನ್ನುತ್ತಾನೆ. ಹೆಬ್ಬೆರಳು ಒಳಗೇ ಹೋಗಿಬಿಟ್ಟಿತು. "ಇದನ್ನ ತಗಡು ಅನಬ್ಯಾಡ್ರಿ ಮೇಡಂ, ಹಪ್ಪಳ ಅನ್ರಿ. ಸೀಟು ನಿಂತಿರೂದು ಇದರ ಆಸರಕ್ಕ. ನಾಳೆ ಎಲ್ಲೆರ ಬಡದ್ರ ನಿಮ್ಮನ್ನ ಹಿಡಿಯೂದು ಏನೂ ಇರಂಗಿಲ್ಲ," ಎಂದು ಹೇಳಿ ಕಡೆಯ ತಾರೀಖು ಕೊಟ್ಟಿದ್ದರು. ಆ ತಾರೀಖು ನಾಳೆ. ತಪ್ಪಿದರೆ ಕಾರು ಗುಜರಿಗೆ. ಕೈಹಿಡಿಕೆಯ ಇನ್ನೊಂದು ಕಾರು ಹುಡುಕಿ, ಪರವಾನಗಿ ಮಾಡಿಸುವಷ್ಟರಲ್ಲಿ ಅವಳನ್ನು ಆ ಕೇಂದ್ರದಿಂದ ಎತ್ತಿ ಹುಬ್ಬಳ್ಳಿಯ ಯಾವುದಾದರೂ ಮೇಜಿನ ಹಿಂದೆ ಕೂರಿಸುವುದು ಖಂಡಿತವಾಗಿತ್ತು. ಮೇಲಿನವರು ಅದನ್ನು ಅನುಕಂಪದಿಂದಲೇ ಆಗಲೇ ಒಮ್ಮೆ ಹೇಳಿ ನೋಡಿದ್ದರು.

ಮುಸ್ತಫಾ ಎರಡು ದಿನದಿಂದ ಬೇರೆ ಕೆಲಸ ಮುಟ್ಟಿರಲಿಲ್ಲ. ಗಾಲಿಯ ಮೇಲಿನ ಕಮಾನಿನಲ್ಲಿ ಮೆತ್ತಿ ಕೂತಿದ್ದ ಎರಿ ಮಣ್ಣನ್ನು ಕೆತ್ತಿ ತೆಗೆದಿದ್ದ. ವರ್ಷಗಟ್ಟಲೆ ಒದ್ದೆ ಹಿಡಿದಿಟ್ಟ ಆ ಮಣ್ಣೇ ತಗಡು ತಿಂದಿದೆ ಎಂದು ತೋರಿಸಿದ್ದ. ತುಕ್ಕು ಹಿಡಿದಲ್ಲಿ ಕತ್ತರಿಸಿ ಹೊಸ ತೇಪೆ ಕೂರಿಸಿದ್ದ. ಈಗ ಉಳಿದದ್ದು ಇನ್ನೂ ಬಿಚ್ಚಿ ನೋಡದ ಹೊಸ್ತಿಲಿನ ಹಿಂದಿನ ತುದಿ ಒಂದೇ.

ವಾಸನೆ ಹೆಚ್ಚಾಯಿತು. ಸುಮಂಗಲಾ ಊರುಗೋಲು ಊರಿ ಎದ್ದು ಕಾರಿನ ಹತ್ತಿರ ಬಂದಳು. ಹೊಸ್ತಿಲಿನ ಅಡಿಯ ಒಂದು ಸಣ್ಣ ತೂತಿನಿಂದ ಹೊಗೆ ಇಳಿಯುತ್ತಿತ್ತು. ಏರುತ್ತಿರಲಿಲ್ಲ, ಹಾಲಿನ ಎಳೆಯಂತೆ ನೆಲಕ್ಕೆ ಇಳಿಯುತ್ತಿತ್ತು.

ಅವಳು ತಿರುಗಿ ಅವ್ವನನ್ನು ನೋಡಿದಳು.

ಸಣ್ಣವ್ವ ಮಧ್ಯಾಹ್ನದಿಂದ ಹಳೆಯ ಟೈರೊಂದರ ಮೇಲೆ ಕೂತಿದ್ದಳು. ಎಪ್ಪತ್ತು ದಾಟಿದ ಮುದುಕಿ, ಬಾಯಿ ಸುಮ್ಮನಿರದ ಮುದುಕಿ. ಇವತ್ತು ಮಾತ್ರ ಸೆರಗು ಬಾಯಿಗೆ ಹಿಡಿದು ನೆಲ ನೋಡುತ್ತಿದ್ದಳು. ಅವಳ ಮೂಗಿಗೆ ಆ ವಾಸನೆ ಮಗಳಿಗಿಂತ ಮೊದಲೇ ಬಂದಿರಬೇಕು.

"ಅವ್ವಾ?"

"ಅದರಾಗ ಅರಳಿ ಐತಿ," ಎಂದಳು ಸಣ್ಣವ್ವ.

"ಯಾವುದರಾಗ?"

"ಆ ಹೊಸ್ತಿಲ ಪೊಳ್ಳಿನ್ಯಾಗ. ತುಂಬ ಐತಿ. ನಾನs ಹಾಕೀನಿ."

ಮುಸ್ತಫಾ ಉರಿ ಆರಿಸಿ, ಮೊಣಕೈ ಮೇಲೆ ಎದ್ದು ಕೂತ. ಅವನ ಮುಖದಿಂದ ಚೇಷ್ಟೆಯೆಲ್ಲ ಇಳಿದುಹೋಗಿತ್ತು.

"ಹತ್ತೀನ? ಯಾ ಅಲ್ಲಾ! ಚಾಚಾ, ಸಿಲಿಂಡರ್ ಹೊರಗ ಹಾಕ್ರಿ, ಲಗೂನ!"

ಹಜರತಅಲಿ ಸಿಲಿಂಡರಿನ ಗಾಡಿಯನ್ನು ರಸ್ತೆಯ ಕಡೆಗೆ ಎಳೆದ. ಕಾರನ್ನು ಎಳೆಯುವಂತಿರಲಿಲ್ಲ, ಗಾಲಿ ಬಿಚ್ಚಿ ಕಟ್ಟಿಗೆಯ ದಿಮ್ಮಿಗಳ ಮೇಲೆ ಕೂರಿಸಿದ್ದರು. ಟಾಕಿಯಿಂದ ಎಂಜಿನ್ನಿಗೆ ಪೆಟ್ರೋಲು ಒಯ್ಯುವ ಸಣ್ಣ ಕೊಳವೆ ಅದೇ ಹೊಸ್ತಿಲಿನ ಬಾಜು ಹಾದುಹೋಗಿತ್ತು. ಮುಸ್ತಫಾ ಅದರ ಮೇಲೆ ಹೊದಿಸಿದ್ದ ಹಸಿ ಗೋಣಿಚೀಲ ಆಗಲೇ ಒಣಗಿ ಅಂಚು ಕಂದುತ್ತಿತ್ತು.

ಸುಮಂಗಲಾ ಬಾಗಿಲ ಬಳಿಯ ನೀರಿನ ಡ್ರಮ್ಮಿನಿಂದ ತಂಬಿಗೆ ತುಂಬಿ ಮುಸ್ತಫಾನ ಕೈಗೆ ಕೊಟ್ಟಳು. ಅವನು ಹಾರೆಯಿಂದ ಹೊಸ್ತಿಲಿನ ತುದಿ ಸೀಳಿ ನೀರು ಹೊಯ್ದ. ಎಣ್ಣೆ ಹಚ್ಚಿದ ತಲೆಯ ಮೇಲಿಂದ ಜಾರಿದಂತೆ ನೀರು ಹತ್ತಿಯ ಮೇಲಿಂದ ಜಾರಿ ಹೊರಗೆ ಬಂತು. ಸೀಳಿದ ಕಡೆ ಗಾಳಿ ಒಳಗೆ ಹೊಕ್ಕಿತು. ಒಳಗಿನ ಕಪ್ಪು ಕೆಂಪಾಯಿತು, ಕೆಂಪು ಹಳದಿಯಾಯಿತು.

"ಬರೇ ನೀರು ಕುಡಿಯಂಗಿಲ್ಲೋ ಅದು!" ಸಣ್ಣವ್ವ ಎದ್ದುಬಿಟ್ಟಿದ್ದಳು. ಹಜರತಅಲಿಯ ಸಾಬೂನಿನ ನೀರಿನ ಬಕೆಟ್ಟನ್ನು ಎರಡೂ ಕೈಯಿಂದ ಎತ್ತಿಕೊಂಡು, ಅರ್ಧ ತನ್ನ ಸೀರೆಯ ಮೇಲೆ ಚೆಲ್ಲಿಕೊಳ್ಳುತ್ತ ಬಂದಳು. "ಸಬಕಾರದ ನೀರು ಹಾಕು. ಗಿರಣ್ಯಾಗ ಹಂಗs ಮಾಡ್ತಿದ್ರು. ಒಳಗ ಇಳೀತೈತಿ."

ನೀರು ಇಳಿಯಿತು. ಆದರೆ ತಾಗಿದಷ್ಟಕ್ಕೆ ಮಾತ್ರ. ಆಚೆ, ಪೆಟ್ರೋಲಿನ ಕೊಳವೆಯ ಮಗ್ಗುಲಲ್ಲಿ, ಹೊಸೆದ ಬತ್ತಿಯಂತೆ ಬಿಗಿದಿದ್ದ ಹತ್ತಿ ಇನ್ನೂ ಉರಿಯುತ್ತಿತ್ತು. ಮುಸ್ತಫಾ ಇಕ್ಕಳ ಹಾಕಿ ಎಳೆದ. ಚೂರು ಕಿತ್ತು ಬಂತು, ಉಳಿದದ್ದು ಅಲ್ಲೇ. ಮತ್ತೆ ಹಾಕಿದ, ಮತ್ತೆ ಚೂರು. ಮೂರನೆಯ ಸಲ ಇಕ್ಕಳ ಬಿಸಾಕಿ ಬಲಗೈಯನ್ನೇ ಒಳಗೆ ತೂರಿಸಿದ.

"ಬ್ಯಾಡೋ ಮುಸ್ತಫಾ!"

ಅವನು ಹಲ್ಲು ಕಚ್ಚಿ ಎಳೆದ. ಕರುವಿನ ಕರುಳಿನಂತೆ ಉದ್ದಕ್ಕೆ, ಕೆಂಡ ಹಿಡಿದ ಹತ್ತಿಯ ಹುರಿ ಹೊರಗೆ ಬಂದು ನೆಲಕ್ಕೆ ಬಿತ್ತು. ಹಜರತಅಲಿ ಅದರ ಮೇಲೆ ಮರಳು ಸುರಿದ. ಸುಮಂಗಲಾ ಉಳಿದ ಸಾಬೂನಿನ ನೀರನ್ನೆಲ್ಲ ಪೆಟ್ರೋಲಿನ ಕೊಳವೆಯ ಮೇಲೆ ಹೊಯ್ದಳು. ಹೊಗೆ ಬೆಳ್ಳಗಾಗಿ, ತೆಳ್ಳಗಾಗಿ, ನಿಂತಿತು.

ಮುಸ್ತಫಾನ ಅಂಗೈ ಬೆಂದು ಹೋಗಿತ್ತು. ಅವನು ಅದನ್ನು ಡ್ರಮ್ಮಿನ ನೀರಿನಲ್ಲಿ ಅದ್ದಿ ನಿಂತು, "ಏನಿಲ್ಲ ಬಿಡ್ರಿ, ಮನ್ಯಾಗ ಹೆಂಡತಿ ಮಾಬುಬಿಗೆ ಅಡಗಿ ಮಾಡಿ ಹಾಕೂದು ತಪ್ಪಿತು ನನಗ," ಎಂದ. ಸುಮಂಗಲಾ ತನ್ನ ಚೀಲದಿಂದ ಮುಲಾಮು, ಬಟ್ಟೆ ತೆಗೆದು ಅವನ ಕೈ ಕಟ್ಟಿದಳು. ಹಿಂದಿನಿಂದ ಅವ್ವನ ಉಸಿರು ಕೇಳುತ್ತಿತ್ತು.

ಹೊಸ್ತಿಲು ಈಗ ಬಾಯಿ ಬಿಟ್ಟುಕೊಂಡಿತ್ತು. ಒಳಗಿನ ತಗಡು ಪೂರ್ತಿ ಜರಡಿಯಾಗಿತ್ತು. ಹಜರತಅಲಿ ಬೆರಳಿನಿಂದ ಮುಟ್ಟಿ, ಕೆಂಪು ಪುಡಿಯನ್ನು ಉಜ್ಜಿ ನೋಡಿದ. "ಅರಳಿ ಒದ್ದಿ ಹಿಡಕೊಂಡು ಕುಂತೈತಿ. ಮ್ಯಾಲೆ ಎಂಸೀಲಿನ ಅಂಟು ಮೆತ್ತಿ ಮುಚ್ಯಾರ. ತಗಡಿಗೆ ಉಸಿರು ಇಲ್ಲ. ಹೊರಗಿಂದ ಮಣ್ಣು ತಿಂದೈತಿ, ಒಳಗಿಂದ ಇದು."

"ಯಾಕ ಹಾಕಿದಿ?" ಸುಮಂಗಲಾ ಅವ್ವನ ಕಡೆ ನೋಡದೆ ಕೇಳಿದಳು.

ಸಣ್ಣವ್ವ ಒದ್ದೆ ಸೀರೆ ಹಿಂಡಿಕೊಳ್ಳುತ್ತಿದ್ದಳು. "ಛಳಿಗಾಲದಾಗ ನೀ ಕಾಲಿಗೆ ಶಾಲು ಸುತ್ಗೊಂಡು ಕಾರು ಹೊಡೀತಿದ್ದಿ. ಒಂದಿನ ಮ್ಯಾಟು ಎತ್ತಿ ಕೈ ಇಟ್ಟು ನೋಡಿದ್ನಿ, ತೂತಿನ್ಯಾಗಿಂದ ಸುಂಯ್ ಅಂತ ಗಾಳಿ ಬರ್ತಿತ್ತು. ಆ ಕಾಲಿಗೆ ಗಾಳಿ ಬಡೀಬಾರದು ಅಂತ ಡಾಕ್ಟರು ಹೇಳಿದ್ದು ನಿನಗ ನೆಪ್ಪಿಲ್ಲ, ನನಗ ಐತಿ. ಬತ್ತಿ ಹೊಸೆದು ಚಮಚದ ಹಿಡಿಕಿಲೆ ಒಳಗ ತುರುಕಿ, ಮ್ಯಾಲೆ ಎಂಸೀಲು ಮೆತ್ತಿದ್ನಿ. ವರ್ಷಾ ಹೊಸಾ ಅರಳಿ ಬಂದಾಗ ಅದನ್ನ ಕಿತ್ತು ಮತ್ತಿಷ್ಟು."

"ವರ್ಷಾ?"

"ಹೂಂ."

"ಒಂದ್ ಮಾತು ನನಗ ಹೇಳಾಕ ಏನಾಗಿತ್ತು?"

"ಹೇಳಿದ್ರ ನೀ ತಗಿ ಅಂತಿದ್ದಿ."

"ನನ್ನ ಕಾಲು ಬೆಚ್ಚಗ ಇಡಾಕ ಹೋಗಿ ನನ್ನ ಕಾಲs ಕಡದಿ ಬೇ," ಎಂದಳು ಸುಮಂಗಲಾ. ಹೇಳಿದ ಮೇಲೆ ಹಿಂದಕ್ಕೆ ಎಳೆದುಕೊಳ್ಳಲಾಗದ ಮಾತು ಅದು. ಸಣ್ಣವ್ವ ಟೈರಿನ ಮೇಲೆ ಹೋಗಿ ಕೂತಳು. ಕೂರುವಾಗ ಟೈರಿನ ಅಂಚನ್ನು ಕೈಯಿಂದ ತಡಕಾಡಿದ್ದನ್ನು ಸುಮಂಗಲಾ ಕಂಡಳು, ಕಂಡೂ ಹೋಗಿ ಹಿಡಿಯಲಿಲ್ಲ.

ಹೊರಗೆ ಬಿಸಿಲು ಇಳಿಯತೊಡಗಿತ್ತು.

"ಮುಸ್ತಫಾ, ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡದುಬಿಡು," ಎಂದಳು ಸುಮಂಗಲಾ. "ನಾಳೆ ಒಂದಿನ ನಿಂತ್ರ ಸಾಕು."

ಮುಸ್ತಫಾ ತಲೆ ಅಲ್ಲಾಡಿಸಿದ. "ಪುಟ್ಟಿ ಮುಖಕ್ಕ ಹಚ್ಚೂ ಪೌಡರ್ ಇದ್ದಂಗ್ರಿ. ಎಲುಬು ಮುರದಲ್ಲಿ ಪೌಡರ್ ಹಚ್ಚಿದ್ರ? ನಿಮ್ಮ ಸೀಟಿನ ಬೋಲ್ಟು ಅಲ್ಲೇ ಐತಿ. ನಾ ಮಾಡಂಗಿಲ್ಲ."

"ನಿನ್ನ ಕೈ ಹಿಂಗಾಗೈತಿ. ಮತ್ತ ಮಾಡವರು ಯಾರು?"

ಅವನು ಚಿಕ್ಕಪ್ಪನ ಕಡೆ ನೋಡಿದ. ಹಜರತಅಲಿ ಒಂದು ಕಾಲಕ್ಕೆ ಈ ಸೀಮೆಯ ಎಲ್ಲ ಟ್ರಕ್ಕುಗಳನ್ನು ಬೆಸೆದವನು. ಕಣ್ಣಿಗೆ ಪೊರೆ ಬಂದ ಮೇಲೆ ಉರಿ ಹಿಡಿಯುವುದು ಬಿಟ್ಟು ಬಣ್ಣ ತಿಕ್ಕುವುದಕ್ಕೆ ಇಳಿದಿದ್ದ.

"ನನಗ ಕಾಣಂಗಿಲ್ಲಲೇ," ಎಂದ ಅವನು.

"ಕಾಣೂದು ನನಗ ಬಿಡ್ರಿ. ಕೈ ನಿಮ್ಮದು."

ಹೊಸ್ತಿಲಿನ ಜರಡಿಯಾದ ಭಾಗವನ್ನೆಲ್ಲ ಹಜರತಅಲಿ ಕತ್ತರಿಸಿ ತೆಗೆದ. ಶೆಡ್ಡಿನ ಹಿಂದೆ ಬಿದ್ದಿದ್ದ ಹಳೆಯ ಟ್ರ್ಯಾಕ್ಟರಿನ ಮಡ್‌ಗಾರ್ಡಿನಿಂದ ಹೊಸ ಪಟ್ಟಿ ಕೊಯ್ದು, ಸುತ್ತಿಗೆಯಿಂದ ಬಡಿದು ಬಾಗಿಸಿದರು. ಪೆಟ್ರೋಲಿನ ಕೊಳವೆಯನ್ನು ಬಿಚ್ಚಿ ಎತ್ತಿ ಕಟ್ಟಿದರು. ಟಾಕಿಯನ್ನು ಇಳಿಸಿ ರಸ್ತೆಯ ಆಚೆ ಇಟ್ಟು ಬಂದರು. ಹೊಸ್ತಿಲಿನ ಉಳಿದ ಭಾಗದಲ್ಲಿ ಒಂದು ಎಳೆ ಹತ್ತಿಯೂ ಉಳಿದಿಲ್ಲವೆಂದು ಸುಮಂಗಲಾ ಕನ್ನಡಿ ಹಿಡಿದು ಒಳಗೆಲ್ಲ ನೋಡಿದಳು. ಮತ್ತೊಮ್ಮೆ ನೋಡಿದಳು.

ಸಿಲಿಂಡರ್ ಮತ್ತೆ ಒಳಗೆ ಬಂತು. ಹಜರತಅಲಿ ನೆಲದ ಮೇಲೆ ಮಲಗಿದ. ಮುಸ್ತಫಾ ಅವನ ಪಕ್ಕ ಮಲಗಿ, ಎಡಗೈಯನ್ನು ಚಿಕ್ಕಪ್ಪನ ಮಣಿಕಟ್ಟಿನ ಮೇಲೆ ಇಟ್ಟ. ಉರಿ ಹೊತ್ತಿತು.

"ಬಲಕ್ಕ. ಸ್ವಲ್ಪ. ಹಾಂ, ಅಲ್ಲೇ. ಎತ್ರಿ, ಎತ್ರಿ! ತೂತು ಬೀಳ್ತೈತಿ."

"ಎತ್ತೀನಿ ಲೇ, ಕೂಗಬ್ಯಾಡ. ಕಿವಿ ನೆಟ್ಟಗ ಅದಾವ."

"ಈಗ ಬೆಸುಗಿ ಕಡ್ಡಿ ಕೊಡ್ರಿ. ಮುಂದ ಹೋಗೂಣು."

ಹಳೆಯ ತಗಡು ತೆಳು, ಹೊಸದು ದಪ್ಪ. ಉರಿ ಒಂದು ಉಸಿರು ಹೆಚ್ಚು ನಿಂತರೆ ಹಳೆಯದು ಕರಗಿ ಹೋಗುತ್ತದೆ, ಕಡಿಮೆಯಾದರೆ ಹೊಸದು ಹಿಡಿಯುವುದಿಲ್ಲ. ಮುದುಕನ ಕೈ ನಡುಗಲಿಲ್ಲ. ಆದರೆ ಒಂದು ಕಡೆ ಮುಸ್ತಫಾನ ಮಾತಿಗೂ ಅವನ ಕೈಗೂ ನಡುವೆ ಅರೆಕ್ಷಣ ಜಾರಿತು. ತಗಡು ಕರಗಿ ಕಾಳಿನಷ್ಟು ತೂತಾಯಿತು. ಇಬ್ಬರೂ ಬೈದುಕೊಳ್ಳಲಿಲ್ಲ. ತಡೆದರು, ಆರಲು ಬಿಟ್ಟರು, ಬದಿಯಿಂದ ಸುತ್ತಿ ಬಂದು ಮುಚ್ಚಿದರು.

ಎತ್ತಿ ಕಟ್ಟಿದ ಕೊಳವೆಗೆ ಹೊದಿಸಿದ ಒದ್ದೆ ಗೋಣಿ ಒಣಗದಂತೆ ಸುಮಂಗಲಾ ತಂಬಿಗೆಯಿಂದ ನೀರು ಹನಿಸುತ್ತಿದ್ದಳು. ಬೆಳಕು ಸಾಲದಾದಾಗ ಯಾರೋ ಬಗಲಲ್ಲಿ ಬಂದು ಕೂತು ಮೊಬೈಲಿನ ಬೆಳಕು ಹಿಡಿದರು. ಅವಳು ತಿರುಗಿ ನೋಡಲಿಲ್ಲ; ಒದ್ದೆ ಸೀರೆಯ ಸಾಬೂನಿನ ಘಮದಿಂದ ಅವ್ವನೆಂದು ತಿಳಿಯಿತು. ಮುದುಕಿ ಕೈ ಬದಲಿಸದೆ, ಒಂದೇ ಕಡೆ ಬೆಳಕು ನಿಲ್ಲಿಸಿ, ಕೆಲಸ ಮುಗಿಯುವವರೆಗೆ ಕೂತಳು. ಇಬ್ಬರ ಮೊಣಕೈಗಳು ತಾಗುತ್ತಿದ್ದವು.

ಕಡೆಗೆ ಹಜರತಅಲಿ ಹೊಸ ಪಟ್ಟಿಯ ಅಡಿಗೆ ತೂತುಗಳನ್ನು ಕೊರೆದ. "ನೀರು ಬರೂದು ಬರತೈತಿ," ಎಂದ, "ಹೋಗಾಕ ದಾರಿ ಇರಬೇಕು."

ಟಾಕಿ, ಕೊಳವೆ, ಗಾಲಿ ಎಲ್ಲ ಮತ್ತೆ ತಮ್ಮ ಜಾಗಕ್ಕೆ ಬಂದವು. ಮರುದಿನ ಬೆಳಿಗ್ಗೆ ಹೊಸ್ತಿಲಿಗೆ ಇಟ್ಟಿಗೆ ಬಣ್ಣದ ಪ್ರೈಮರಿನ ಮೊದಲ ಲೇಪ ಮಾತ್ರ ಬಳಿದಾಗಿತ್ತು. ಬಿಳಿ ಬಣ್ಣಕ್ಕೆ ಹೊತ್ತಿರಲಿಲ್ಲ. ಸುಮಂಗಲಾ ಹುಬ್ಬಳ್ಳಿಯ ದಾರಿ ಹಿಡಿದಳು. ಪಕ್ಕದಲ್ಲಿ ಕೈ ಕಟ್ಟಿಸಿಕೊಂಡ ಮುಸ್ತಫಾ. ದಾರಿಯಲ್ಲಿ ಏನಾದರೂ ಬಿಟ್ಟುಕೊಂಡರೆ ಎಂದು ತಾನೇ ಹಟ ಮಾಡಿ ಬಂದಿದ್ದ. ಹಿಂದಿನ ಸೀಟಿನಲ್ಲಿ ಸಣ್ಣವ್ವ. ಪ್ರತಿ ಗುಂಡಿಗೂ ಮೂವರೂ ಉಸಿರು ಹಿಡಿದು ಕೆಳಗಿನ ಸದ್ದು ಕೇಳುತ್ತಿದ್ದರು.

ತಪಾಸಣೆಯ ಮೈದಾನದಲ್ಲಿ ಅದೇ ಇನ್‌ಸ್ಪೆಕ್ಟರ್. ಕೆಂಪು ಪಟ್ಟಿಯನ್ನು ದೂರದಿಂದಲೇ ನೋಡಿ ಹುಬ್ಬು ಗಂಟಿಕ್ಕಿದರು. "ಬಣ್ಣ ಎಲ್ಲಿ?"

"ಆಮ್ಯಾಲೆ ಹೊಡಸ್ತೀನ್ರಿ ಸರ್. ನಿಮಗ ತಗಡು ಕಾಣಲಿ ಅಂತ ಹಂಗs ತಂದೀನಿ." ತನ್ನ ದನಿ ಇಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು.

ಅವರು ಮೊಣಕಾಲೂರಿದರು. ಹೆಬ್ಬೆರಳು ಇಟ್ಟು ಒತ್ತಿದರು. ಮುಂದೆ ಸರಿದು ಒತ್ತಿದರು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಅದರ ಹಿಡಿಕೆಯಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಟಕ್, ಟಕ್ ಎಂದು ಬಡಿಯುತ್ತ ಹೋದರು. ಹೊಸ ಪಟ್ಟಿ ಗಟ್ಟಿ ದನಿ ಕೊಡುತ್ತಿತ್ತು. ನಿನ್ನೆ ತೂತು ಬಿದ್ದು ಮುಚ್ಚಿದ ಜಾಗಕ್ಕೆ ಬಂದಾಗ ಸದ್ದು ಸ್ವಲ್ಪ ಬೇರೆಯಾಯಿತು. ಅವರು ನಿಂತರು. ಸ್ಕ್ರೂಡ್ರೈವರಿನ ಚೂಪು ತುದಿಯನ್ನು ಅಲ್ಲಿಗೇ ಇಟ್ಟು, ಅಂಗೈಯ ಭಾರವೆಲ್ಲ ಹಾಕಿದರು. ಸುಮಂಗಲಾ ಕಿಟಕಿಯಿಂದ ತಲೆ ಹೊರಹಾಕಿ ಆ ತುದಿಯನ್ನೇ ನೋಡಿದಳು.

ತಗಡು ಒಳಗೆ ಹೋಗಲಿಲ್ಲ.

ಅವರು ಎದ್ದು, ಮೊಣಕಾಲಿನ ಧೂಳು ಕೊಡವಿಕೊಂಡು, ಮುಸ್ತಫಾನ ಬಟ್ಟೆ ಸುತ್ತಿದ ಕೈ ನೋಡಿದರು. ಒಳಗೆ ಹೋದರು. ಕಾಗದಕ್ಕೆ ಎಲ್ಲರೂ ಕಿಟಕಿಯ ಮುಂದೆ ಸಾಲು ಹಚ್ಚಬೇಕಿತ್ತು. ಸುಮಂಗಲಾ ಊರುಗೋಲು ತೆಗೆದು ಬಾಗಿಲು ತೆರೆಯುವಷ್ಟರಲ್ಲಿ ಅವರೇ ಕಾಗದ ಹಿಡಿದು ಕಾರಿನ ಹತ್ತಿರ ಬಂದರು. "ಕುಂದರ್ರಿ, ಇಳೀಬ್ಯಾಡ್ರಿ. ಇಲ್ಲೇ ಸಹಿ ಮಾಡ್ರಿ. ಪಾಸಾತು. ಬಣ್ಣ ಮಾತ್ರ ಲಗೂ ಹೊಡಸ್ರಿ, ಮತ್ತ ತುಕ್ಕು ಹಿಡದೀತು."

ಅವಳು ಸಹಿ ಮಾಡಿದಳು. ಅವರು ಹೋದ ಮೇಲೆ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರಲಿಲ್ಲ, ಅಳುತ್ತಿರಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು, ಮಗಳು ಏನಾದರೂ ಹೇಳುತ್ತಾಳೆಯೇ ಎಂದು ಕಾಯುತ್ತಿದ್ದಳು.

"ಅವ್ವಾ, ಹೋಗೂವಾಗ ಮುಂದ ಕುಂದರು. ಹಿಂದ ಭಾಳ ಕುಲುಕತೈತಿ," ಎಂದಳು ಸುಮಂಗಲಾ.

"ಕುಂದರತೀನಿ ತಗೋ," ಎಂದಳು ಸಣ್ಣವ್ವ.

ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದರು. ತಾಯಿ ಮಗಳು ಬುತ್ತಿ ಬಿಚ್ಚಿದಾಗ ಮುಸ್ತಫಾ, "ನೀವು ಉಣ್ರಿ, ನನಗ ಹಸಿವಿಲ್ಲ, ಮನೀಗೆ ಹೋಗಿ ಉಣ್ತೀನಿ," ಎಂದು ದೂರ ಹೋಗಿ ಕಟ್ಟೆಯ ಮೇಲೆ ಕೂತ. ಜೋಳದ ರೊಟ್ಟಿ ಮುರಿಯಲು ಬಲಗೈ ಬೇಕು. ಇನ್ನೊಬ್ಬರ ಮುಂದೆ ಎಡಗೈಯಲ್ಲಿ ಉಣ್ಣುವವನಲ್ಲ ಅವನು.

ಸಣ್ಣವ್ವ ಬುತ್ತಿಯ ಗಂಟಿನ ತಳದಿಂದ ಒಂದು ಬೇರೆಯೇ ಡಬ್ಬಿ ತೆಗೆದಳು. ಬಿಸಿ ರೊಟ್ಟಿಯನ್ನು ಬೆಳಿಗ್ಗೆಯೇ ಸಣ್ಣಗೆ ಮುರಿದು, ಬೇಳೆಯ ಸಾರಿನಲ್ಲಿ ನೆನೆಸಿ, ಮೇಲೆ ತುಪ್ಪ ಹಾಕಿ ಕಲಸಿದ್ದಳು. ಚಮಚ ಒಳಗೇ ನೆಟ್ಟಿತ್ತು, ಮುರಿಯುವ, ಕಲಸುವ ಗೋಜಿರಲಿಲ್ಲ. ಅವಳು ಸೊಂಟ ಹಿಡಿದುಕೊಂಡು ನಿಧಾನವಾಗಿ ಕಟ್ಟೆಯವರೆಗೆ ನಡೆದು ಹೋಗಿ, ಮುಚ್ಚಳ ತೆಗೆದು, ಡಬ್ಬಿಯನ್ನು ಮುಸ್ತಫಾನ ತೊಡೆಯ ಮೇಲೆ ಇಟ್ಟು, ತಿರುಗಿ ಬಂದು ಅವನಿಗೆ ಬೆನ್ನು ಮಾಡಿ ಕೂತಳು.